ಬಣ್ಣ ಬಳಿಯುವ ಮುನ್ನ ಬೆಸುಗೆಯ ಅಳತೆ

ಅರ್ಧ ಕಿಲೋ ಟೊಮೆಟೊ ಕೊಳ್ಳುವಾಗಲೂ ತಕ್ಕಡಿಯ ಮೇಲೆ ಕಣ್ಣಿಡುವುದು ನಮ್ಮ ಮಧ್ಯಮ ವರ್ಗದವರ ಹುಟ್ಟುಗುಣ. ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ಯಂತ್ರ ಬಂದ ಮೇಲೂ ಈ ಗುಣ ಹೋಗಿಲ್ಲ. ಪೆಟ್ರೋಲ್ ಬಂಕಿನಲ್ಲಿ ಮೀಟರ್ ಸೊನ್ನೆಗೆ ಬಂದಿದೆಯೇ ಎಂದು ಇಣುಕುತ್ತೇವೆ, ಅಡುಗೆ ಅನಿಲದ ಸಿಲಿಂಡರನ್ನು ತೂಗಿಸಿ ನೋಡುತ್ತೇವೆ. ಅಂಗಡಿಯವನ ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಲೇಬೇಕೆಂದು 2009ರ ಕಾಯ್ದೆ ವಿಧಿಸುತ್ತದೆ. ಭೂಮಿಯನ್ನು ಯಾವ ಗಳೆಯಿಂದ ಅಳೆದು ದಾನ ಕೊಟ್ಟರೆಂಬುದನ್ನು ನಮ್ಮ ಹಳೆಯ ಶಾಸನಗಳು ಕಲ್ಲಿನಲ್ಲಿ ಕೊರೆದಿಟ್ಟಿವೆ. ಅಳತೆಯಲ್ಲಿ ಮೋಸ ಹೋಗಬಾರದೆಂಬ ಎಚ್ಚರ ಈ ನೆಲಕ್ಕೆ ಹೊಸದಲ್ಲ.

ಇಷ್ಟೆಲ್ಲ ಎಚ್ಚರವಿರುವ ನಾಗರಿಕ ಟೊಮೆಟೊ ಚೀಲ ಹಿಡಿದು ಸ್ಕೈವಾಕ್ ಏರುತ್ತಾನೆ. ಮೆಟ್ಟಿಲ ಹಲಗೆಯನ್ನು ಪಕ್ಕದ ತೊಲೆಗೆ, ತೊಲೆಯನ್ನು ಕಂಬಕ್ಕೆ, ಕಂಬವನ್ನು ತಳದ ಪ್ಲೇಟಿಗೆ ಹಿಡಿದಿಟ್ಟಿರುವುದು ಬೆರಳಿನಷ್ಟೂ ದಪ್ಪವಿರದ ಬೆಸುಗೆಯ ಗೆರೆಗಳು. ಅವುಗಳನ್ನು ಯಾರಾದರೂ ಅಳೆದಿದ್ದಾರೆಯೇ ಎಂಬ ಪ್ರಶ್ನೆ ಅವನಿಗೆ ಹೊಳೆಯುವುದಿಲ್ಲ. ಹೊಳೆದರೂ ಉತ್ತರ ಕೊಡುವವರು ಅಲ್ಲಿರುವುದಿಲ್ಲ. ಸ್ಕೈವಾಕಿನ ಮಾತಷ್ಟೇ ಅಲ್ಲ. ಶಾಲೆಯ ಅಂಗಳದ ಶೀಟಿನ ಛಾವಣಿ, ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ನೀರಿನ ಟ್ಯಾಂಕ್ ಹೊತ್ತ ಸ್ಟ್ಯಾಂಡ್, ಸೌರಫಲಕಗಳ ಚೌಕಟ್ಟು, ಜಾಹೀರಾತು ಫಲಕದ ಗೋಪುರ, ಕಲ್ಯಾಣಮಂಟಪದ ಬಾಲ್ಕನಿಯ ಕಂಬಿ, ಇವೆಲ್ಲವೂ ನಿಂತಿರುವುದು ಬಹುಪಾಲು ಫಿಲೆಟ್ ಬೆಸುಗೆ ಎಂಬ ಒಂದೇ ಬಗೆಯ ಜೋಡಣೆಯ ಮೇಲೆ. ಮೂವತ್ತು ವರ್ಷಗಳ ಕಾಲ ಉಕ್ಕಿನ ರಚನೆಗಳ ತಪಾಸಣೆಯನ್ನೇ ವೃತ್ತಿಯಾಗಿಸಿಕೊಂಡಿದ್ದ ನನಗೆ, ಈ ವಿಷಯ ಎಂಜಿನಿಯರುಗಳ ಕೊಠಡಿಯಿಂದ ಹೊರಗೆ ಬಂದು ಸಾರ್ವಜನಿಕ ಚರ್ಚೆಗೆ ಒಳಗಾಗಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿದೆ.

ಫಿಲೆಟ್ ಬೆಸುಗೆಯೆಂದರೇನು? ಎರಡು ಉಕ್ಕಿನ ಪ್ಲೇಟುಗಳನ್ನು ಗೋಡೆ ಮತ್ತು ನೆಲದಂತೆ ಲಂಬವಾಗಿ ಇಟ್ಟರೆ ಅವು ಕೂಡುವಲ್ಲಿ ಒಂದು ಮೂಲೆ ಉಂಟಾಗುತ್ತದೆ. ಆ ಮೂಲೆಯನ್ನು ಕರಗಿದ ಲೋಹದಿಂದ ತುಂಬಿದಾಗ ಅಡ್ಡಕೊಯ್ತದಲ್ಲಿ ಒಂದು ತ್ರಿಕೋನ ಕಾಣುತ್ತದೆ. ನೆಲದ ಮೇಲೆ ಹರಡಿದ ಭುಜ ಮತ್ತು ಗೋಡೆಯ ಮೇಲೆ ಏರಿದ ಭುಜ, ಇವೆರಡನ್ನು ನಮ್ಮವರು ಬೆಸುಗೆಯ ಕಾಲುಗಳೆನ್ನುತ್ತಾರೆ. ಮೂಲೆಯಿಂದ ಬೆಸುಗೆಯ ಮುಖಕ್ಕೆ ಇರುವ ಅತಿ ಕಡಿಮೆ ದೂರವೇ ಅದರ ಕಂಠ. ಬೆಸುಗೆ ಮುರಿಯುವುದಾದರೆ ಸಾಮಾನ್ಯವಾಗಿ ಈ ಕಂಠದಲ್ಲಿಯೇ ಮುರಿಯುತ್ತದೆ. ಆದುದರಿಂದ ಅದರ ಬಲವನ್ನು ಲೆಕ್ಕ ಹಾಕುವುದೂ ಕಂಠದಿಂದಲೇ. ಎರಡೂ ಕಾಲು 6 ಮಿ.ಮೀ. ಇದ್ದರೆ ಕಂಠ ಸುಮಾರು 4.2 ಮಿ.ಮೀ. ಇದು ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ ಪೈಥಾಗೋರಸನ ಪ್ರಮೇಯ ಹಿಡಿದು ಹೇಳಬಲ್ಲ ಲೆಕ್ಕ.

ತೊಂದರೆಯೆಂದರೆ, ಕಂಠ ಲೋಹದ ಒಳಗಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಮುಖ ಮಾತ್ರ, ಮತ್ತು ಮುಖ ಮೋಸ ಮಾಡುತ್ತದೆ. ಉಬ್ಬಿದ ಬೆಸುಗೆ ದಷ್ಟಪುಷ್ಟವಾಗಿ ಕಂಡರೂ ಅದರ ಕಾಲುಗಳು ಚಿಕ್ಕವಿರಬಹುದು. ಆ ಉಬ್ಬನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಬದಲಿಗೆ ಬೆಸುಗೆಯ ಅಂಚಿನಲ್ಲಿ ಅದು ಉಂಟುಮಾಡುವ ಚೂಪಾದ ಕೋನ ಬಿರುಕಿಗೆ ಆಹ್ವಾನ ನೀಡುತ್ತದೆ. ತಗ್ಗಾದ ಬೆಸುಗೆ ಇದಕ್ಕೆ ವಿರುದ್ಧ. ನಯವಾಗಿ, ಅಂದವಾಗಿ, ಅಗಲವಾದ ಕಾಲುಗಳೊಡನೆ ಕಾಣುತ್ತದೆ, ಆದರೆ ನಡುವೆ ಲೋಹವೇ ಇಲ್ಲದೆ ಕಂಠ ಬಡವಾಗಿರುತ್ತದೆ. ಇನ್ನು, ಕರಗಿದ ಲೋಹವೂ ನೀರಿನಂತೆ ಇಳಿಜಾರಿಗೆ ಹರಿಯುವ ವಸ್ತುವೇ. ಹೀಗಾಗಿ ಕೆಳಗಿನ ಕಾಲು 7 ಮಿ.ಮೀ. ಹರಡಿ, ಮೇಲಿನ ಕಾಲು 4 ಮಿ.ಮೀ.ಗೆ ನಿಂತುಬಿಡುವುದು ಬಹಳ ಸಾಮಾನ್ಯ. ಮೇಲಿನಿಂದ ನೋಡುವವನಿಗೆ ಕಾಣುವುದು ಆ 7. ಬಲ ನಿರ್ಧಾರವಾಗುವುದು ಆ 4ರಿಂದ.

ಇದನ್ನು ಬಯಲಿಗೆಳೆಯುವ ಉಪಕರಣ ಎಷ್ಟು ಸರಳವೆಂದರೆ ಅದನ್ನು ಉಪಕರಣವೆನ್ನಲೂ ಸಂಕೋಚವಾಗುತ್ತದೆ. ಬೀಗದ ಕೈಗಳ ಗೊಂಚಲಿನಂತೆ ಒಂದು ತಿರುಪಿಗೆ ಪೋಣಿಸಿದ ಏಳೆಂಟು ಸ್ಟೇನ್‌ಲೆಸ್ ಉಕ್ಕಿನ ಎಲೆಗಳು, ಅಷ್ಟೆ. ಒಂದೊಂದು ಎಲೆಯ ಮೇಲೆ ಒಂದೊಂದು ಅಳತೆ ಕೊರೆದಿರುತ್ತದೆ. ಉಬ್ಬು ಬೆಸುಗೆಗೊಂದು, ತಗ್ಗು ಬೆಸುಗೆಗೊಂದು ಎಂದು ಅಂಚುಗಳನ್ನು ಬೇರೆ ಬೇರೆ ರೀತಿ ಕತ್ತರಿಸಿರುತ್ತಾರೆ. ನಕ್ಷೆಯಲ್ಲಿ 6 ಎಂದಿದ್ದರೆ 6ರ ಎಲೆಯನ್ನು ಆರಿಸಿ, ಅದರ ತಳವನ್ನು ಒಂದು ಪ್ಲೇಟಿನ ಮೇಲೆ ಸಮನಾಗಿ ಕೂರಿಸಿ, ಇನ್ನೊಂದು ಪ್ಲೇಟಿಗೆ ತಾಗುವವರೆಗೆ ತಳ್ಳಬೇಕು. ಉಬ್ಬು ಬೆಸುಗೆಯಾದರೆ ಎಲೆಯ ಮೂಲೆ ಬೆಸುಗೆಯ ಮೇಲಂಚನ್ನು ಮುಟ್ಟಬೇಕು. ಅಂಚು ಅದಕ್ಕಿಂತ ಕೆಳಗೇ ಉಳಿದರೆ ಕಾಲು ಕುಳ್ಳಾಯಿತು. ತಗ್ಗು ಬೆಸುಗೆಯಾದರೆ ಎರಡು ಕಮಾನುಗಳ ನಡುವೆ ಚಾಚಿದ ಪುಟ್ಟ ಮೊನೆ ಬೆಸುಗೆಯ ನಡುಮುಖವನ್ನು ತಾಗಬೇಕು. ನಡುವೆ ಬೆಳಕು ನುಸುಳಿದರೆ ಕಂಠ ಸಾಲದು. ಕಾಲು, ಕಂಠ, ಅಂಚಿನಲ್ಲಿ ಪ್ಲೇಟನ್ನು ಕೊರೆದುಬಿಟ್ಟ ಅಂಡರ್‌ಕಟ್ ಎಂಬ ಕುಳಿ, ಇವನ್ನೆಲ್ಲ ಒಂದೇ ತಗಡಿನಲ್ಲಿ ಅಳೆಯುವ ಬ್ರಿಡ್ಜ್ ಕ್ಯಾಮ್ ಗೇಜ್ ಕೂಡ ಇದೆ. ಎಲೆಗಳ ಗೊಂಚಲಿನ ಬೆಲೆ, ನಾಲ್ಕು ಮಂದಿಯ ಕುಟುಂಬವೊಂದು ಭಾನುವಾರ ಸಂಜೆ ಒಳ್ಳೆಯ ಹೋಟೆಲಿಗೆ ಹೋಗಿಬರುವ ಖರ್ಚನ್ನು ಮೀರಲಾರದು.

ಎರಡು ಮಿ.ಮೀ. ವ್ಯತ್ಯಾಸಕ್ಕೆ ಇಷ್ಟು ಗದ್ದಲವೇಕೆ ಎಂದು ಕೇಳುವವರಿದ್ದಾರೆ. ಲೆಕ್ಕ ನೋಡೋಣ. ಭಾರತೀಯ ಮಾನಕ ಬ್ಯೂರೋದ ಐಎಸ್ 800ರ 2007ರ ಆವೃತ್ತಿಯಂತೆ, ನಿರ್ಮಾಣ ಸ್ಥಳದಲ್ಲಿ ಹಾಕಿದ 6 ಮಿ.ಮೀ. ಬೆಸುಗೆಯ ಪ್ರತಿ ಸೆಂಟಿಮೀಟರ್ ಉದ್ದಕ್ಕೆ ವಿನ್ಯಾಸಕಾರ ಸುಮಾರು 670 ಕೆ.ಜಿ. ಭಾರದಷ್ಟು ಸೆಳೆತವನ್ನು ನಂಬಬಹುದು. ಅದೇ ಬೆಸುಗೆ 4 ಮಿ.ಮೀ.ಗೆ ಇಳಿದರೆ ನಂಬಬಹುದಾದದ್ದು ಸುಮಾರು 450 ಕೆ.ಜಿ. ಅಂದರೆ ಮೂರರಲ್ಲೊಂದು ಪಾಲು ಬಲ ನಕ್ಷೆಯಲ್ಲಿದೆ, ಕಂಬದಲ್ಲಿಲ್ಲ. ಈಗ ಲೋಹದ ಲೆಕ್ಕ. ಒಂದು ಮೀಟರ್ ಉದ್ದದ 6 ಮಿ.ಮೀ. ಬೆಸುಗೆಗೆ ಸುಮಾರು 141 ಗ್ರಾಂ ಲೋಹ ಬೇಕು, 4 ಮಿ.ಮೀ.ಗೆ 63 ಗ್ರಾಂ ಸಾಕು. ಬಲ ಕಾಲಿನ ಅಳತೆಗೆ ಅನುಗುಣವಾಗಿ ಇಳಿದರೆ ಲೋಹ ಅದರ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಮೂರರಲ್ಲೊಂದು ಪಾಲು ಬಲವನ್ನು ಬಿಟ್ಟುಕೊಟ್ಟವನಿಗೆ ಅರ್ಧಕ್ಕಿಂತ ಹೆಚ್ಚು ವೆಲ್ಡಿಂಗ್ ರಾಡ್, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ವಿದ್ಯುತ್ತು ಮತ್ತು ಸಮಯ ಉಳಿಯುತ್ತದೆ. ಕಡಿಮೆ ಬೆಸೆಯಬೇಕೆಂಬ ಆಸೆ ಎಲ್ಲಿಂದ ಹುಟ್ಟುತ್ತದೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆ ಆಸೆಗೆ ನೀರೆರೆಯುವುದು ನಮ್ಮ ಪಾವತಿಯ ಪದ್ಧತಿ. ಉಕ್ಕಿನ ಕೆಲಸಕ್ಕೆ ಹಣ ಸಂದಾಯವಾಗುವುದು ಸಾಮಾನ್ಯವಾಗಿ ತೂಕದ ಮೇಲೆ, ಕೆ.ಜಿ.ಗೆ ಇಷ್ಟು ಎಂದು. ಬೆಸುಗೆ ಆ ದರದೊಳಗೇ ಅಡಗಿರುತ್ತದೆ. ಸರ್ಕಾರಿ ಕಾಮಗಾರಿಯಲ್ಲಿ 'ಎಂ.ಬಿ.' ಎಂದು ಕರೆಯುವ ಅಳತೆ ಪುಸ್ತಕವಿದೆ. ಅದರಲ್ಲಿ ದಾಖಲಾಗದ ಕೆಲಸಕ್ಕೆ ಬಿಲ್ ಇಲ್ಲ. ಕಾಂಕ್ರೀಟಿನ ಉದ್ದ, ಅಗಲ, ಎತ್ತರ ಅಲ್ಲಿದೆ, ಕಬ್ಬಿಣದ ತೂಕ ಅಲ್ಲಿದೆ, ಬಳಿದ ಬಣ್ಣದ ಚದರ ಮೀಟರ್ ಕೂಡ ಅಲ್ಲಿದೆ. ನಾನು ಕಂಡ ಎಂ.ಬಿ.ಗಳಲ್ಲಿ ಬೆಸುಗೆಯ ಕಾಲಿನ ಅಳತೆಯನ್ನು ಬರೆದದ್ದು ಒಂದರಲ್ಲೂ ಇರಲಿಲ್ಲ. ಬಣ್ಣವನ್ನು ಅಳೆಯುವ ನಾವು ಆ ಬಣ್ಣದ ಕೆಳಗಿನ ಬೆಸುಗೆಯನ್ನು ಅಳೆಯುವುದಿಲ್ಲ.

ನಿಯಮಗಳಿಲ್ಲವೇ ಎಂದರೆ ಧಾರಾಳವಾಗಿವೆ. ಸಾಮಾನ್ಯ ನಿರ್ಮಾಣದ ವೆಲ್ಡಿಂಗಿಗೆ 1969ರ ಐಎಸ್ 816 ಇದೆ. ಬೆಸುಗೆಯ ತಪಾಸಣೆಗೆಂದೇ 1970ರಲ್ಲಿ ಐಎಸ್ 822 ಬಂದಿದೆ. ತಿರುಚಿರಾಪಳ್ಳಿಯ ಬಿಎಚ್ಇಎಲ್ ಆವರಣದಲ್ಲಿ 1975ರಿಂದ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯೇ ಇದೆ. ಐಐಟಿಗಳ ಮಾತು ಬಿಡಿ, ಎಂಟನೇ ತರಗತಿ ಪಾಸಾದವರು ಸೇರಬಹುದಾದ ಐಟಿಐಯ ಒಂದು ವರ್ಷದ ವೆಲ್ಡರ್ ಪಠ್ಯಕ್ರಮದಲ್ಲಿಯೂ ವೆಲ್ಡ್ ಗೇಜ್ ಬಳಸುವ ಪಾಠವಿದೆ. ಐಎಸ್ 800 ಇನ್ನೂ ಒಂದು ಸೂಕ್ಷ್ಮವನ್ನು ಗಮನಿಸಿದೆ. ಕಾರ್ಖಾನೆಯೊಳಗೆ ಹಾಕಿದ ಬೆಸುಗೆಗೆ ಅದು ಇಟ್ಟುಕೊಳ್ಳುವ ಸುರಕ್ಷಾ ಭಾಜಕ 1.25, ನಿರ್ಮಾಣ ಸ್ಥಳದಲ್ಲಿ ಹಾಕಿದ್ದಕ್ಕೆ 1.5. ಗಾಳಿ, ಮಳೆ, ಏಣಿಯ ಮೇಲಿನ ಸಮತೋಲನ, ತಲೆಯ ಮೇಲಿಂದ ಉದುರುವ ಕಿಡಿ ಇವುಗಳ ನಡುವೆ ಮಾಡಿದ ಕೆಲಸವನ್ನು ಸಂಹಿತೆಯೇ ಆರರಲ್ಲೊಂದು ಪಾಲು ಕಡಿಮೆ ನಂಬುತ್ತದೆ. ತಪಾಸಣೆ ಹೆಚ್ಚು ಬೇಕಾದದ್ದೂ ಅಲ್ಲಿಯೇ, ಕಡಿಮೆ ನಡೆಯುವುದೂ ಅಲ್ಲಿಯೇ.

ಬಾಯ್ಲರಿನ ವಿಷಯದಲ್ಲಿ ನಮ್ಮ ದೇಶ ಹೀಗಿಲ್ಲವೆಂಬುದನ್ನು ನೆನಪಿಸಬೇಕು. 1923ರ ಕಾಯ್ದೆಯ ಕಾಲದಿಂದಲೂ ಬಾಯ್ಲರುಗಳಿಗೆ ಸರ್ಕಾರಿ ತಪಾಸಣೆ ಕಡ್ಡಾಯ. ಪರೀಕ್ಷೆಯಲ್ಲಿ ತೇರ್ಗಡೆಯಾದ ವೆಲ್ಡರನಷ್ಟೇ ಅಲ್ಲಿ ರಾಡ್ ಹಿಡಿಯಬಹುದು. ರೈಲ್ವೆಯವರು ತಮ್ಮ ಬೆಸುಗೆ ಸೇತುವೆಗಳಿಗೆ ತಮ್ಮದೇ ಸಂಹಿತೆಯನ್ನು ರೂಪಿಸಿಕೊಂಡಿದ್ದಾರೆ. ಬಾಯ್ಲರ್ ಸಿಡಿದರೆ ಸುದ್ದಿಯಾಗುತ್ತದೆ, ರೈಲು ಉರುಳಿದರೆ ಸಂಸತ್ತು ಕೇಳುತ್ತದೆ. ಶಾಲೆಯ ಶೀಟಿನ ಛಾವಣಿಯ ಬಗ್ಗೆ, ಅದು ಬೀಳುವವರೆಗೆ, ಕೇಳುವವರು ಯಾರು?

ಕುಶಲತೆಯ ಕೊರತೆಯಿಂದ ಹೀಗಾಗುತ್ತಿದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 2024ರ ಆಗಸ್ಟಿನಲ್ಲಿ ಸರಪಳಿ ತುಂಡಾಗಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಉಕ್ಕಿನ ತಡೆಗೇಟಿನ ತುಂಡುಗಳನ್ನು ಒಂದು ವಾರದೊಳಗೆ ಸಿದ್ಧಪಡಿಸಿ ಹರಿಯುವ ನೀರಿನಲ್ಲೇ ಇಳಿಸಿದ್ದನ್ನು ನಾಡೇ ನೋಡಿತು. ಪೀಣ್ಯದ ಸಣ್ಣ ಫ್ಯಾಬ್ರಿಕೇಷನ್ ಘಟಕಗಳಲ್ಲಿ ವಿದೇಶಿ ಗಿರಾಕಿಗಳಿಗಾಗಿ ಮಾಡುವ ಕೆಲಸ ಎಲ್ಲಿಗೂ ಕಡಿಮೆಯಿಲ್ಲ. ಅಲ್ಲಿ ಗೇಜ್ ಮೇಜಿನ ಮೇಲಿರುತ್ತದೆ, ಏಕೆಂದರೆ ಗಿರಾಕಿ ಕೇಳುತ್ತಾನೆ. ಅಲ್ಲಿಯೂ ಒಂದು ಬಲೆ ಇದೆಯೆನ್ನಿ. ಜರ್ಮನಿ ಮೊದಲಾದ ಯುರೋಪಿನ ದೇಶಗಳ ನಕ್ಷೆಗಳಲ್ಲಿ ಬೆಸುಗೆಯ ಅಳತೆಯನ್ನು 'ಎ' ಅಕ್ಷರ ಹಾಕಿ ಕಂಠದಲ್ಲಿ ಕೊಡುತ್ತಾರೆ. ನಮ್ಮಲ್ಲಿ ರೂಢಿ ಕಾಲಿನದು. ಅವರ 'ಎ 4' ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 5.7 ಮಿ.ಮೀ. ಕಾಲು. ಅದನ್ನು 4 ಮಿ.ಮೀ. ಕಾಲೆಂದು ಓದಿಕೊಂಡವನು, ಯಾವ ದುರುದ್ದೇಶವೂ ಇಲ್ಲದೆ, ಸುಮಾರು ಶೇ 30ರಷ್ಟು ಬಲವನ್ನು ಕಳೆದುಬಿಟ್ಟಿರುತ್ತಾನೆ. ಒಂದು ಅಕ್ಷರದ ಅರ್ಥ ತಿಳಿದು ಗೇಜ್ ಇಟ್ಟರೆ ಮಾತ್ರ ಇದು ಸಿಕ್ಕಿಬೀಳುತ್ತದೆ.

ಕೆಲವು ವರ್ಷಗಳ ಹಿಂದೆ ನಗರದ ಖಾಸಗಿ ಶಾಲೆಯೊಂದರ ಆಡಳಿತ ಮಂಡಳಿಯವರು ತಮ್ಮ ಬಯಲು ರಂಗಮಂದಿರಕ್ಕೆ ಹಾಕಿಸುತ್ತಿದ್ದ ಛಾವಣಿಯನ್ನು ಒಮ್ಮೆ ನೋಡಿಹೋಗಬೇಕೆಂದು ಕರೆದಿದ್ದರು. ನಾನು ಹೋದಾಗ ಕಂಬಗಳಲ್ಲಿ ಅರ್ಧದಷ್ಟಕ್ಕೆ ಆಗಲೇ ರೆಡ್ ಆಕ್ಸೈಡ್ ಬಿದ್ದಿತ್ತು. ಉಳಿದ ಕಂಬಗಳ ತಳದ ಬೆಸುಗೆಗೆ ಗೇಜ್ ಹಿಡಿದೆ. ನಕ್ಷೆಯಲ್ಲಿ 6, ಹಲವು ಕಡೆ ಮೇಲಿನ ಕಾಲು 4ನ್ನೂ ಮುಟ್ಟಿರಲಿಲ್ಲ. ಗುತ್ತಿಗೆದಾರ ಬೇಸರದಿಂದಲೇ ಹೇಳಿದ: "ಇಪ್ಪತ್ತು ವರ್ಷದಿಂದ ಇದೇ ಕೆಲಸ ಸಾರ್, ನೋಡಿದ್ರೆ ಸಾಕು, ಎಷ್ಟಿದೆ ಅಂತ ಗೊತ್ತಾಗುತ್ತೆ." ವೆಲ್ಡಿಂಗ್ ಮಾಡುತ್ತಿದ್ದ ಹುಡುಗ ಒಡಿಶಾದವನು. ನಮ್ಮಿಬ್ಬರ ಮಾತು ಅವನಿಗೆಷ್ಟು ಅರ್ಥವಾಯಿತೋ ತಿಳಿಯದು, ಆದರೆ ಕೈ ಚಾಚಿ ಗೇಜನ್ನು ಕೇಳಿ ಪಡೆದ. ತಾನೇ ಹಾಕಿದ ಒಂದೊಂದು ಬೆಸುಗೆಗೂ ಅದನ್ನಿಟ್ಟು ನೋಡುತ್ತ, ಸಾಲದಿದ್ದಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತ ಹೋದ. ಅವನ ಕಣ್ಣಿನಲ್ಲಿದ್ದದ್ದು ಕುತೂಹಲ. ಅವನ ಕೈಗೆ ಆ ತಗಡನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಗುರುತು ಬಿದ್ದ ಕಡೆ ಮತ್ತೊಂದು ಸುತ್ತು ಬೆಸುಗೆ ಹಾಕಲು ಒಂದೂವರೆ ದಿನ ಹಿಡಿಯಿತು. ಬಣ್ಣ ಬಿದ್ದಿದ್ದ ಕಂಬಗಳನ್ನು ಉಜ್ಜಿ ಮತ್ತೆ ನೋಡುವುದಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆ ಖರ್ಚು ಯಾರದೆಂಬ ಜಗಳವಂತೂ ಬೇರೆಯೇ ನಡೆಯಿತು.

ನನ್ನ ವಾದವೆಲ್ಲ ಇರುವುದು ಈ ಬಣ್ಣದ ಸುತ್ತ. ರೆಡ್ ಆಕ್ಸೈಡ್ ಬಿದ್ದ ಮೇಲೆ ಅಂಚಿನ ಕುಳಿ ಮುಚ್ಚಿಹೋಗುತ್ತದೆ, ಸಣ್ಣ ರಂಧ್ರಗಳು ಮುಚ್ಚುತ್ತವೆ, ಕೆಲವೊಮ್ಮೆ ಕಿತ್ತುಹಾಕದೆ ಬಿಟ್ಟ ಸ್ಲ್ಯಾಗ್ ಕೂಡ ಬೆಸುಗೆಯಂತೆಯೇ ಮಿರುಗುತ್ತದೆ. ಇದರ ಬೆಲೆ ಏನೆಂಬುದನ್ನು ಜಗತ್ತು 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಕಂಡಿದೆ. ನಾರ್ವೆಯ ತೈಲಕ್ಷೇತ್ರದಲ್ಲಿ ಕಾರ್ಮಿಕರ ತೇಲುವ ವಸತಿಯಾಗಿದ್ದ ಅಲೆಕ್ಸಾಂಡರ್ ಎಲ್. ಕೀಲಾಂಡ್ ಎಂಬ ವೇದಿಕೆಯ ಐದು ಕಾಲುಗಳಲ್ಲಿ ಒಂದು ಬಿರುಗಾಳಿಯ ಸಂಜೆ ಕಳಚಿಕೊಂಡಿತು. ವೇದಿಕೆ ಮಗುಚಿತು. ಅದರ ಮೇಲಿದ್ದ 212 ಮಂದಿಯಲ್ಲಿ 123 ಮಂದಿ ಸತ್ತರು. ತನಿಖೆ ಹುಡುಕುತ್ತ ಹೋಗಿ ತಲುಪಿದ್ದು ಒಂದು ಪುಟ್ಟ ಫಿಲೆಟ್ ಬೆಸುಗೆಯನ್ನು. ನೀರಿನೊಳಗಿನ ಶಬ್ದ ಗ್ರಹಿಸುವ ಹೈಡ್ರೋಫೋನ್ ಉಪಕರಣವನ್ನು ಕೂರಿಸಲು ಆಧಾರವೊಂದನ್ನು ಮುಖ್ಯ ಕೊಳವೆಗೆ ಬೆಸೆದಿದ್ದರು. ವೇದಿಕೆಯ ಭಾರ ಹೊರುವುದು ಆ ಬೆಸುಗೆಯ ಕೆಲಸವಾಗಿರಲಿಲ್ಲ. ಹಾಗಾಗಿ ಅದು ಮುಖ್ಯವೆಂದು ಯಾರಿಗೂ ಅನ್ನಿಸಿರಲಿಲ್ಲ. ಆಕಾರ ಕೆಟ್ಟಿದ್ದ ಆ ಬೆಸುಗೆಯಿಂದ ಹೊರಟ ಬಿರುಕು ಅಲೆಗಳ ಹೊಡೆತಕ್ಕೆ ಬೆಳೆದು ಕೊಳವೆಯನ್ನೇ ಸುತ್ತುವರಿಯಿತು. ಬಿರುಕಿನೊಳಗೆ ತನಿಖೆಗಾರರಿಗೆ ಸಿಕ್ಕಿದ್ದು ಬಣ್ಣ. ಎಂದರೆ ವೇದಿಕೆ ಕಾರ್ಖಾನೆಯಿಂದ ಹೊರಡುವ ಮುನ್ನವೇ, ಬಣ್ಣದ ಬ್ರಷ್ ಅಲ್ಲಿಗೆ ಬರುವ ಮುನ್ನವೇ, ಬಿರುಕು ಅಲ್ಲಿತ್ತು.

ಗೇಜ್ ಬಿರುಕನ್ನು ಅಳೆಯುವ ಸಾಧನವಲ್ಲ ಎಂದು ಯಾರಾದರೂ ತಜ್ಞರು ಆಕ್ಷೇಪಿಸಿದರೆ ಅದು ನ್ಯಾಯವಾದ ಆಕ್ಷೇಪವೇ. ಲೋಹ ಒಳಗೆ ಕರಗಿ ಕೂಡಿದೆಯೇ ಎಂಬುದನ್ನೂ ಅದು ಹೇಳದು. ಎರಡು ಪ್ಲೇಟುಗಳ ನಡುವೆ ಸಂದು ಬಿಟ್ಟು ಬೆಸೆದಿದ್ದರೆ ಕಾಲು ಸರಿಯಿದ್ದಂತೆ ಕಂಡೂ ಕಂಠ ಕಡಿಮೆಯಾಗಿರುತ್ತದೆ. ಸಂದು 2 ಮಿ.ಮೀ. ದಾಟಿದರೆ ಕಾಲನ್ನೂ ಅಷ್ಟೇ ಹೆಚ್ಚಿಸಬೇಕೆಂದು ಅಮೆರಿಕದ ವೆಲ್ಡಿಂಗ್ ಸೊಸೈಟಿಯ ಡಿ 1.1 ಸಂಹಿತೆ ಹೇಳುತ್ತದೆ. ಆದರೆ ಬೆಸೆಯುವ ಮೊದಲು ಸಂದನ್ನು ನೋಡದವನಿಗೆ ನಂತರ ಅದು ಗೊತ್ತಾಗುವ ದಾರಿಯಿಲ್ಲ. ಲಂಬವಲ್ಲದ ಕೋನದ ಜೋಡಣೆಗೆ ಈ ಎಲೆಗಳು ಒದಗುವುದಿಲ್ಲ, ಬೇರೆ ಗೇಜ್ ಬೇಕು. ಮೋರ್ಬಿಯ ತೂಗುಸೇತುವೆಯ ಮಾತೂ ಇಲ್ಲಿ ಬರಬಹುದು. 2022ರ ಅಕ್ಟೋಬರ್ 30ರಂದು ಅಲ್ಲಿ 135 ಮಂದಿ ಸತ್ತರು. ತುಕ್ಕು ಹಿಡಿದ ಕೇಬಲಿನ ಜೊತೆಗೆ, ಹಳೆಯ ತೂಗುಸರಳುಗಳಿಗೆ ಹೊಸದನ್ನು ಬೆಸೆದದ್ದನ್ನೂ ವಿಶೇಷ ತನಿಖಾ ತಂಡ ಲೋಪಗಳ ಪಟ್ಟಿಯಲ್ಲಿ ಸೇರಿಸಿತು. ಬೆಸೆಯಲೇಬಾರದ ಕಡೆ ಬೆಸೆದರೆ ಯಾವ ಗೇಜೂ ಕಾಪಾಡಲಾರದು.

ಇವನ್ನೆಲ್ಲ ಒಪ್ಪಿಕೊಂಡೂ ಗೇಜಿನ ಪರವಾಗಿ ನಾನು ನಿಲ್ಲುವುದಕ್ಕೆ ಕಾರಣವಿದೆ. ಗೇಜ್ ಇಡಬೇಕಾದರೆ ಮನುಷ್ಯ ಬೆಸುಗೆಯಿಂದ ಒಂದು ಗೇಣು ದೂರಕ್ಕೆ ಬರಬೇಕು. ಸ್ಲ್ಯಾಗ್ ಒಡೆದು, ಬ್ರಷ್ ಹೊಡೆದು, ಟಾರ್ಚ್ ಹಿಡಿದು, ಬಗ್ಗಿ ನೋಡಬೇಕು. ಹಾಗೆ ನೋಡಿದವನಿಗೆ ಅಂಚಿನ ಕುಳಿಯೂ ಕಾಣುತ್ತದೆ, ರಂಧ್ರವೂ ಕಾಣುತ್ತದೆ, ಮೇಲಕ್ಕೆ ಬಾಯಿಬಿಟ್ಟ ಬಿರುಕಾದರೆ ಅನೇಕ ಬಾರಿ ಅದೂ ಕಾಣುತ್ತದೆ. ಕೆಳಗೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತ ಮಾಡುವ ತಪಾಸಣೆಗೂ ಇದಕ್ಕೂ ಅಜಗಜಾಂತರ. ಎರಡನೆಯದಾಗಿ, ಗೇಜ್ ಒಂದು ಅಂಕಿಯನ್ನು ಕೊಡುತ್ತದೆ. ಇಂದಿನ ತಪಾಸಣಾ ವರದಿಗಳಲ್ಲಿ ನಾನು ಹೆಚ್ಚಾಗಿ ಓದಿರುವುದು 'ಬೆಸುಗೆಗಳು ತೃಪ್ತಿಕರವಾಗಿವೆ' ಎಂಬ ಒಂದು ಸಾಲನ್ನು. ತೃಪ್ತಿಯಾದದ್ದು ಯಾರಿಗೆ, ಯಾವಾಗ, ಎಷ್ಟು ದೂರದಿಂದ ನೋಡಿದಾಗ? ಆ ವಿಶೇಷಣವನ್ನು ನಾಳೆ ನ್ಯಾಯಾಲಯದಲ್ಲಿ ಹಿಡಿದು ಪ್ರಶ್ನಿಸಲು ಬರುವುದಿಲ್ಲ. '7ನೇ ಕಂಬದ ತಳ, ಉತ್ತರ ಬದಿ, ನಕ್ಷೆ 6, ಅಳತೆ 6' ಎಂದು ಬರೆದು ಸಹಿ ಹಾಕಿದ ಸಾಲನ್ನು ಯಾರು ಬೇಕಾದರೂ ಹೋಗಿ ಮತ್ತೆ ಅಳೆದು ನೋಡಬಹುದು. ಸುಳ್ಳು ಬರೆಯುವವನ ಕೈ ಅಲ್ಲಿ ಸ್ವಲ್ಪವಾದರೂ ನಡುಗುತ್ತದೆ.

ಹೆಚ್ಚು ಬೆಸೆದರೆ ಒಳ್ಳೆಯದಲ್ಲವೇ ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. ಮನೆ ಕಟ್ಟಿಸುವವರು "ಚೆನ್ನಾಗಿ ದಪ್ಪಕ್ಕೆ ಹಾಕಪ್ಪ" ಎಂದು ವೆಲ್ಡರನಿಗೆ ಹೇಳುವುದನ್ನು ಕೇಳಿದ್ದೇನೆ. 6ರ ಬದಲು 8 ಹಾಕಿದರೆ ಬಲ ಮೂರರಲ್ಲೊಂದು ಪಾಲು ಏರುತ್ತದೆ, ಲೋಹ ಮಾತ್ರ ಶೇ 78ರಷ್ಟು ಏರುತ್ತದೆ. ಜೊತೆಗೆ ಬರುವ ಕಾವು ಪ್ಲೇಟನ್ನು ಸೊಟ್ಟಗೆ ಎಳೆಯುತ್ತದೆ. ಹೊಸ ಮನೆಯ ಗೇಟಿನ ಚಿಲಕ ಗೃಹಪ್ರವೇಶದ ದಿನವೇ ತೂತಿಗೆ ಕೂಡದೆ ಹೋಗುವುದರ ಹಿಂದೆ ಹಲವು ಸಲ ಈ ಉದಾರತೆಯೇ ಇರುತ್ತದೆ. ಮತ್ತೊಂದು ಕಡೆ, ದಪ್ಪ ಪ್ಲೇಟಿಗೆ ತೀರ ಸಣ್ಣ ಬೆಸುಗೆ ಹಾಕಿದರೆ ಆ ಪ್ಲೇಟು ಕಾವನ್ನು ಹೀರಿಕೊಂಡು ಬೆಸುಗೆಯನ್ನು ಥಟ್ಟನೆ ತಣಿಸಿ ಬಿರುಕಿಗೆ ದಾರಿ ಮಾಡುತ್ತದೆ. ಆದ್ದರಿಂದಲೇ 10ರಿಂದ 20 ಮಿ.ಮೀ.ವರೆಗಿನ ದಪ್ಪಕ್ಕೆ ಕನಿಷ್ಠ 5 ಮಿ.ಮೀ. ಎಂದು ಐಎಸ್ 800 ನಿಗದಿ ಮಾಡಿದೆ.

ಇದೆಲ್ಲ ಕಾಮಗಾರಿಯನ್ನು ತಡಮಾಡುತ್ತದೆ, ವೆಚ್ಚ ಏರಿಸುತ್ತದೆ ಎಂಬ ಮಾತನ್ನು ಅಧಿಕಾರಿಗಳ ಬಾಯಿಂದ ಬಹಳ ಕೇಳಿದ್ದೇನೆ. ಅನುಭವಿಯೊಬ್ಬ ಒಂದು ಕಂಬದ ತಳದ ಬೆಸುಗೆಯನ್ನು ಸುತ್ತಲೂ ಅಳೆದು ಬರೆದುಕೊಳ್ಳಲು ಹತ್ತು ನಿಮಿಷ ಸಾಕು. ಎಲ್ಲ ಕಡೆಯೂ ಅಳೆಯಬೇಕೆಂದಿಲ್ಲ. ಯಾವುದು ಭಾರ ಹೊರುವ ಜೋಡಣೆಯೆಂದು ವಿನ್ಯಾಸಕಾರ ನಕ್ಷೆಯಲ್ಲೇ ಗುರುತಿಸಿಕೊಟ್ಟರೆ ಅವುಗಳಲ್ಲಿ ಒಂದನ್ನೂ ಬಿಡದೆ, ಉಳಿದವುಗಳಲ್ಲಿ ಆರಿಸಿ ಅಳೆದರಾಯಿತು. ಸಂಹಿತೆಗಳೂ ಕಣ್ಣುಮುಚ್ಚಿ ಕಠಿಣವಾಗಿಲ್ಲ. ಅಮೆರಿಕದ ಡಿ 1.1ರಲ್ಲಿ ಅಲ್ಲಲ್ಲಿ ಬೆಸುಗೆ ನಿಗದಿತ ಮಿತಿಯೊಳಗೆ ಕುಳ್ಳಾಗಿದ್ದರೂ, ಅಂಥ ಭಾಗ ಒಟ್ಟು ಉದ್ದದ ಶೇ 10ನ್ನು ಮೀರದಿದ್ದರೆ, ಸರಿಪಡಿಸದೆ ಒಪ್ಪಬಹುದೆಂಬ ವಿನಾಯಿತಿಯಿದೆ. ಆದರೆ ಶೇ 10 ಎಷ್ಟೆಂದು ತಿಳಿಯುವುದಕ್ಕೂ ಅಳೆಯಲೇಬೇಕಲ್ಲ.

ಕೇಳಬೇಕಾದದ್ದು ಬಹಳವೇನಿಲ್ಲ. ಸಾರ್ವಜನಿಕರು ಓಡಾಡುವ, ಕೂರುವ, ಕೆಳಗೆ ನಿಲ್ಲುವ ಯಾವುದೇ ಉಕ್ಕಿನ ರಚನೆಯ ಟೆಂಡರಿನಲ್ಲಿ, ಬೆಸುಗೆಯ ಅಳತೆ ದಾಖಲಾಗುವ ತನಕ ರೆಡ್ ಆಕ್ಸೈಡ್ ಬಳಿಯುವಂತಿಲ್ಲ ಎಂಬ ಒಂದು ಷರತ್ತು ಇರಲಿ. ಎಂ.ಬಿ.ಯಲ್ಲಿ ಬೆಸುಗೆಗೊಂದು ಕಾಲಂ ಬರಲಿ. ಜೋಡಣೆಯ ಸಂಖ್ಯೆ, ನಕ್ಷೆಯ ಅಳತೆ, ಗೇಜಿನ ಅಳತೆ, ಅಳೆದವರ ಸಹಿ, ದಿನಾಂಕ ಇವಿಷ್ಟು ಅದರಲ್ಲಿರಲಿ. ಕಾಲಂ ತುಂಬದೆ ಬಣ್ಣದ ಬಿಲ್ ಪಾಸಾಗದಿರಲಿ. ವೆಲ್ಡರನ ಜೇಬಿಗೆ ಗುತ್ತಿಗೆದಾರನೇ ಒಂದು ಗೇಜ್ ಹಾಕಿಕೊಡಲಿ, ಏಕೆಂದರೆ ದುರಂತವಾದ ದಿನ ಮೊದಲು ಬಂಧನವಾಗುವುದು ಅವನದೇ. ತಾನು ಹಾಕಿದ್ದು 6 ಎಂದು ತೋರಿಸುವ ಕಾಗದ ಅವನಿಗೂ ಬೇಕು. ಕೆ.ಜಿ. ಲೆಕ್ಕದ ಪಾವತಿಯನ್ನು ಒಮ್ಮೆಲೇ ಬದಲಿಸುವುದು ಕಷ್ಟವಾದರೆ ಅದು ಸದ್ಯಕ್ಕೆ ಹಾಗೆಯೇ ಇರಲಿ.

ಸರ್ಕಾರ ಮಾಡುವವರೆಗೆ ಕಾಯಬೇಕಾದ ಅಗತ್ಯವೂ ನಮಗಿಲ್ಲ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಗಳು, ಶಾಲೆಗಳ ಪೋಷಕರ ಸಮಿತಿಗಳು, ದೇವಸ್ಥಾನದ ಮಂಡಳಿಗಳು ಪ್ರತಿವರ್ಷ ಏನಾದರೊಂದು ಉಕ್ಕಿನ ಕೆಲಸ ಮಾಡಿಸುತ್ತಲೇ ಇರುತ್ತವೆ. ಕೊಟೇಷನ್ ತರಿಸುವಾಗ ಕೆ.ಜಿ.ಗೆ ಎಷ್ಟು ಎಂದು ಕೇಳುವ ಜೊತೆಗೆ, ನಕ್ಷೆಯಲ್ಲಿ ಬೆಸುಗೆಯ ಅಳತೆಯನ್ನು ಬರೆದುಕೊಡಿ ಎಂದೂ ಕೇಳಬಹುದು. ಬಣ್ಣದವರು ಯಾವ ದಿನ ಬರುತ್ತಾರೆಂದು ವಿಚಾರಿಸಿ, ಅದರ ಹಿಂದಿನ ದಿನ ಒಬ್ಬ ಎಂಜಿನಿಯರನ್ನು ಗೇಜಿನೊಡನೆ ಕರೆಸಬಹುದು. ತಾರಸಿಯ ಮೇಲೆ ಹತ್ತು ಸಾವಿರ ಲೀಟರಿನ ಟ್ಯಾಂಕ್ ತುಂಬಿದಾಗ ನೀರಿನ ತೂಕವೇ ಹತ್ತು ಟನ್. ಅದನ್ನು ಹೊತ್ತ ಸ್ಟ್ಯಾಂಡ್ ಮುಂದಿನ ವಾರ ನಿಮ್ಮಲ್ಲಿ ತಯಾರಾಗುವುದಿದ್ದರೆ, ಬಣ್ಣದ ಡಬ್ಬಿ ತೆರೆಯುವ ಮುನ್ನ ಮೇಲೆ ಹತ್ತಿ, ಯಾವ ಜೋಡಣೆಗೆ ಎಷ್ಟು ಮಿ.ಮೀ. ಎಂದು ಬರೆದ ಹಾಳೆಯನ್ನು ಗುತ್ತಿಗೆದಾರನಿಂದ ಕೇಳಿ ಪಡೆಯಿರಿ.